ರಾತ್ರಿಯೆಲ್ಲ ನಿಂತಿದ್ದ ಕಾರು

ಆ ರಾತ್ರಿ ಅಕ್ಕ ಗ್ಯಾರೇಜಿನಿಂದ ಮನೆಗೆ ಒಬ್ಬಳೇ ನಡೆದು ಬರುತ್ತಿದ್ದಳು. ಬೀದಿ ಖಾಲಿ. ಎಂಥ ಚಳಿ ಅಂದರೆ, ನಾಯಿಗಳು ಕೂಡ ಬೊಗಳುವ ಕೆಲಸವನ್ನು ನಾಳೆಗೆ ಇಟ್ಟುಕೊಂಡು ಮುದುರಿ ಮಲಗಿದ್ದವು. ಅವಳ ಬೂಟಿನ ಹಿಮ್ಮಡಿಯದ್ದೊಂದೇ ಸದ್ದು... ಟಕ್... ಟಕ್... ಬೀದಿ ತಿರುಗುವಲ್ಲಿ ಒಂದು ಹಳೆಯ ಬಾವಿ. ಕಟ್ಟೆ ಇದೆ, ರಾಟೆ ಇದೆ, ಹಗ್ಗದ ತುದಿಗೆ ತಗಡಿನ ಬಕೆಟ್ಟೂ ಇದೆ. ಗಾಳಿ ಬಂದಾಗೆಲ್ಲ ರಾಟೆ ಒಂದು ಸಲ ‘ಕೀಂಯ್’ ಅನ್ನುತ್ತದೆ. ಆಮೇಲೆ ಸುಮ್ಮನಾಗುತ್ತದೆ.

ಅಕ್ಕ ಅಂದರೆ ನನ್ನ ಚಿಕ್ಕಮ್ಮನ ಮಗಳು. ಸುಳ್ಳು ಹೇಳುವವಳಲ್ಲ. ಹೇಳಲು ಹೋದರೂ ಕಿವಿ ಕೆಂಪಗಾಗಿ ಸಿಕ್ಕಿಬೀಳುವವಳು. ಅವತ್ತು ಅವಳು ಆ ಬಾವಿಯ ಹತ್ತಿರ ನಿಲ್ಲದೆ ನೆಟ್ಟಗೆ ಮನೆಗೆ ಹೋಗಿ ಹೊದ್ದು ಮಲಗಿದ್ದರೆ, ನಮ್ಮ ಭಾವ ಇವತ್ತು ಇರುತ್ತಿರಲಿಲ್ಲ. ಭಾವ ಆಗ ಗ್ಯಾರೇಜಿನ ಒಳಗಿದ್ದರು. ಶಟರ್ ಎಳೆದಿತ್ತು. ಒಳಗೆ ಅವರು, ಒಂದು ಕಾರು... ಅಷ್ಟೇ. ಅಷ್ಟೇ ಅಂತ ಗಂಡ ಹೆಂಡತಿ ಇಬ್ಬರೂ ಅಂದುಕೊಂಡಿದ್ದರು.

ಕಾರಿನ ವಿಷಯ ಹೇಳಿಬಿಡುತ್ತೇನೆ, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಗ್ಯಾರೇಜು ಇಬ್ಬರದೂ. ಭಾವನ ಕೈಯಲ್ಲಿ ಸ್ಪ್ಯಾನರ್, ಅಕ್ಕನ ಕೈಯಲ್ಲಿ ಸ್ಕ್ಯಾನರ್. ಗಾಡಿಯೊಳಗಿನ ಕಂಪ್ಯೂಟರು ಏನು ಹೇಳುತ್ತಿದೆ ಅಂತ ಓದುವುದು ಅವಳ ಕೆಲಸ, ಅವಳು ಹೇಳಿದ್ದನ್ನು ಒಪ್ಪದಿರುವುದು ಅವರ ಕೆಲಸ. ಊರವರು ಅದನ್ನು ಗ್ಯಾರೇಜ್ ಅನ್ನುತ್ತಿದ್ದರು. ನಾವು ನೆಂಟರು ಮಾತ್ರ, ಗಂಡ ಹೆಂಡಿರ ಜಗಳಕ್ಕೆ ಶಟರ್ ಹಾಕಿಸಿದ್ದಾರೆ ಅನ್ನುತ್ತಿದ್ದೆವು.

ಕಾರು ಒಬ್ಬ ಡ್ರಾಯಿಂಗ್ ಮೇಷ್ಟರದ್ದು. ಸೆಕೆಂಡ್ ಹ್ಯಾಂಡ್. ಚಳಿ ಕಚ್ಚಿಕೊಂಡು ಕೂತಿದ್ದ ಒಂದು ದಿನ ಅದನ್ನು ತಂದು ನಿಲ್ಲಿಸಿದರು.

“ಎಂಜಿನ್ ಚಿತ್ರ ಇರೋ ಹಳದಿ ದೀಪ ಮೇಡಂ. ಬೆಳಿಗ್ಗೆ ಬೆಳಿಗ್ಗೆನೇ ಹತ್ಕೊಳ್ಳುತ್ತೆ. ಆ ಚಿತ್ರನಾದ್ರೂ ಸರಿಯಾಗಿ ಬರೆದಿದಾರಾ? ಪಾತ್ರೆಗೆ ಹಿಡಿ ಇಟ್ಟ ಹಾಗಿದೆ. ನಾನಾಗಿದ್ರೆ ಹತ್ತಕ್ಕೆ ಮೂರು ಕೊಡ್ತಿದ್ದೆ.”

“ಯಾವಾಗಿಂದ ಹೀಗೆ?”

“ಚಳಿ ಶುರುವಾದಾಗಿಂದ. ಅಲ್ಲಿವರೆಗೂ ಗಾಡಿ ಬೀದೀಲೇ ನಿಲ್ತಿತ್ತು. ಒಂದು ತಕರಾರಿಲ್ಲ. ಪಾಪ, ಚಳಿ ಅಂತ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಒಳಗಿಟ್ಟೆ ನೋಡಿ... ಆವತ್ತಿಂದ.”

“ಸಂಜೆ ಬರಲ್ವಾ ದೀಪ?”

“ಇಲ್ಲ. ರಾತ್ರಿಯೆಲ್ಲ ನಿಂತಿದ್ದು ಬೆಳಿಗ್ಗೆ ಕೀ ತಿರುಗಿಸಿದ್ರೆ ಮಾತ್ರ.”

“ಮತ್ತೇನಾದ್ರೂ?”

ಮೇಷ್ಟ್ರು ಕಾರಿನ ಕಡೆ ಒಮ್ಮೆ ನೋಡಿದರು. “ನಮ್ಮ ಮನೆಯವಳು ಅದರಲ್ಲಿ ಕೂರಲ್ಲ.”

“ಯಾಕೆ?”

“ನಿದ್ದೆ ಬರುತ್ತಂತೆ.”

“ನೀವು ಓಡಿಸೋದು ಅಷ್ಟು ನಿಧಾನ ಇರ್ಬೇಕು ಸಾರ್,” ಅಂದರು ಭಾವ, ಯಾವುದೋ ವ್ಯಾನಿನ ಹೊಟ್ಟೆಯ ಕೆಳಗಿನಿಂದ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು... ಸ್ವಲ್ಪ ತಡವಾಗಿ.

ಇಂಥ ಕಾಯಿಲೆಗೆ ಒಂದು ಪದ್ಧತಿ ಇದೆ. ಹಗಲು ನೋಡಿದರೆ ಏನೂ ಸಿಗುವುದಿಲ್ಲ. ಗಾಡಿಯನ್ನು ಇಡೀ ರಾತ್ರಿ ಮುಟ್ಟದೆ ನಿಲ್ಲಿಸಬೇಕು. ಎಂಜಿನ್ ತಣ್ಣಗಾಗುತ್ತ ಆಗುತ್ತ ಸುತ್ತಲಿನ ಗಾಳಿಯಷ್ಟೇ ತಣ್ಣಗಾಗಬೇಕು. ಬೆಳಿಗ್ಗೆ ಬಂದವರು ಬಾನೆಟ್ ಎತ್ತಬಾರದು, ಏನನ್ನೂ ಅಲುಗಿಸಬಾರದು. ಸ್ಟೇರಿಂಗಿನ ಕೆಳಗೆ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರನ್ನು ಅದಕ್ಕೆ ಚುಚ್ಚಿ, ಕೀ ಅರ್ಧ ತಿರುಗಿಸಿ, ಎಂಜಿನ್ ಹತ್ತಿಸುವ ಮೊದಲೇ ಓದಬೇಕು. ಎಂಜಿನ್ನನ್ನು ತಂಪಾಗಿಡುವ ನೀರು ಎಷ್ಟು ಬಿಸಿ, ಒಳಗೆ ಬರುವ ಗಾಳಿ ಎಷ್ಟು ಬಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಒಂದೇ ಇರಬೇಕು. ಒಂದೇ ಕೋಣೆಯಲ್ಲಿ ಮಲಗಿ ಎದ್ದವರ ಹಾಗೆ.

ಮೊದಲನೆಯ ಬೆಳಿಗ್ಗೆ ಅಕ್ಕ ಓದಿದಳು. ಹೊರಗೆ ಮೂಗು ಉದುರಿ ಬೀಳುವ ಚಳಿ. ಗಾಳಿಯ ಅಂಕಿ ಅದನ್ನೇ ಹೇಳಿತು. ನೀರಿನ ಅಂಕಿ ಮಾತ್ರ... ಈಗ ತಾನೇ ಊರೆಲ್ಲ ಸುತ್ತಿ ಬಂದು ನಿಂತ ಗಾಡಿಯ ಅಂಕಿ. ‘ಟಿಣ್’ ಅಂತ ಒಂದು ಸದ್ದು. ಹಳದಿ ದೀಪ ಹತ್ತಿಕೊಂಡಿತು.

“ನೀರಿನ ಬಿಸಿ ಅಳೆಯೋ ಸೆನ್ಸರ್ ಹೋಗಿದೆ,” ಅಂದಳು ಅಕ್ಕ. “ಸುಳ್ಳು ಹೇಳ್ತಿದೆ.”

ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಗಾಡಿ ಓಡಿದ ಕಿಲೋಮೀಟರು ನಿನ್ನೆಯದ್ದೇ. ಪೆಟ್ರೋಲಿನ ಮುಳ್ಳು ಕೂದಲಷ್ಟೂ ಇಳಿದಿಲ್ಲ. ಎಂಜಿನ್ ರಾತ್ರಿಯೆಲ್ಲ ಆಫ್ ಆಗಿತ್ತು ಅಂತ ಗಾಡಿಯ ಒಳಗಿನ ಗಡಿಯಾರವೇ ಸಾಕ್ಷಿ ಹೇಳುತ್ತಿದೆ. ಹೀಗಿರುವಾಗ ನೀರು ಬಿಸಿ ಇದೆ ಅನ್ನುವ ಸೆನ್ಸರನ್ನು ಯಾರು ನಂಬುತ್ತಾರೆ? ಅವಳು ಕೀ ಪೂರ್ತಿ ತಿರುಗಿಸಿ ಎಂಜಿನ್ ಹತ್ತಿಸಿದಳು. ಹತ್ತಿಸಿದ ಮೇಲೆ ಎಂಜಿನ್ ಬೆಚ್ಚಗಾಗುವುದು ಸಹಜ, ಆಮೇಲೆ ಕೈ ಇಟ್ಟು ನೋಡುವುದೇನಿದೆ?

ಭಾವ ಒಳಗಡೆಯ ಗಾಜು ಒರೆಸುತ್ತಿದ್ದರು. ಮುಂದಿನದು, ಹಿಂದಿನದು, ಪಕ್ಕದವು... ಎಲ್ಲ ಒಳಗಿನಿಂದ ಮಂಜಾಗಿದ್ದವು.

“ಏ... ಒಳಗೆ ಯಾರೋ ಉಸಿರು ಬಿಟ್ಟ ಹಾಗಿದೆಯಲ್ಲೇ.”

“ಕಾರ್ಪೆಟ್ ಒದ್ದೆ ಇರ್ಬೇಕು ನೋಡಿ. ನೀರು ನಿಂತ್ರೆ ಹಾಗಾಗುತ್ತೆ.”

ಭಾವ ಬಗ್ಗಿ ಮುಟ್ಟಿ ನೋಡಿದರು. ಒಣಗಿತ್ತು. ಇನ್ನೊಂದು ಕಡೆ ಮುಟ್ಟಿದರು. ಒಣಗಿತ್ತು.

ಹೊಸ ಸೆನ್ಸರ್ ತರಿಸಿ ಹಾಕಿದರು. ಮತ್ತೆ ಒಂದು ರಾತ್ರಿ ನಿಲ್ಲಿಸಿದರು. ಬೆಳಿಗ್ಗೆ ಅದೇ ಅಂಕಿ, ಅದೇ ‘ಟಿಣ್’, ಅದೇ ದೀಪ. ಗಾಜಿನ ಮೇಲೆ ಅದೇ ಮಂಜು.

“ಹೊಸದೂ ಸುಳ್ಳು ಹೇಳ್ತಿದೆಯಾ ಮಹಾರಾಯ್ತಿ?” ಅಂದರು ಭಾವ.

“ವೈರಿಂಗ್.”

ವೈರನ್ನು ತುದಿಯಿಂದ ಬುಡದವರೆಗೆ ನೋಡಿದರು. ಚಿನ್ನದ ಹಾಗಿತ್ತು. ಮತ್ತೊಂದು ಬೆಳಿಗ್ಗೆ... ಅದೇ.

ಅವತ್ತು ಸಂಜೆ ಭಾವ ಮಡಚುವ ಮಂಚವೊಂದನ್ನು ಎಲ್ಲಿಂದಲೋ ಹೊತ್ತು ತಂದರು.

“ಏನಿದು?”

“ಯಾರೋ ರಾತ್ರಿ ಬಂದು ಕಾರಲ್ಲಿ ಮಲಗ್ತಿದಾರೆ ಕಣೇ. ಗಾಜು ನೋಡು. ಚಳಿಗೆ ಯಾವನೋ ಪಾಪದವನು, ಒಳಗೆ ಸೇರ್ಕೊಂಡು ಏನೋ ಕಿತಾಪತಿ ಮಾಡ್ತಿದಾನೆ.”

“ಬೀಗ ಹಾಕಿದ ಶಟರ್ ಒಳಗೆ?”

“ಇಲಿ ಬರಲ್ವಾ?”

“ಇಲಿ ನಾಲ್ಕೂ ಗಾಜು ಮಂಜಾಗೋ ಹಾಗೆ ಉಸಿರು ಬಿಡುತ್ತಾ?”

“ಅದಕ್ಕೇ ಅಂದೆ. ಇವತ್ತು ಇಲ್ಲೇ ಮಲಗ್ತೀನಿ. ಇಲಿಯೋ ಹುಲಿಯೋ ನೋಡೇಬಿಡೋಣ.”

ಅಕ್ಕ ವಾದ ಮಾಡಲಿಲ್ಲ. ಮೇಷ್ಟ್ರು ಹೊತ್ತಿಗೊಂದು ಫೋನು ಮಾಡುತ್ತಿದ್ದರು. ಇವಳಿಗೂ ಆ ದೀಪ ಕಣ್ಣಿಗೆ ಬಿದ್ದ ಮರಳಾಗಿತ್ತು. ಗಂಡನಿಗೆ ಚಳಿ ಆಗದಿರಲಿ ಅಂತ ಹಿಂದಿನ ಕಿಟಕಿಯ ಸಂದಿಗೆ ಗೋಣಿಚೀಲ ತುರುಕಿದಳು. ತಾನು ಹೊರಗೆ ಬಂದು, ಅವರು ಶಟರ್ ಎಳೆದ ಮೇಲೆ, ಕೆಳಗಿನ ಸಂದಿಗೆ ಹಳೆಯ ಬಟ್ಟೆ ಸುತ್ತಿ ಒತ್ತಿದಳು. ತನ್ನ ಕೈಯಿಂದಲೇ ಒತ್ತಿದಳು. ಇದನ್ನು ಅವಳು ಈಗಲೂ ಹೇಳಿಕೊಳ್ಳುತ್ತಾಳೆ.

ಅದಕ್ಕೂ ಮೊದಲು ಇನ್ನೊಂದು ಮಾತು ನಡೆದಿತ್ತು.

“ಕಾರಿನ ಕೀ ಕೊಡಿ.”

“ಯಾಕೆ?”

“ಚಳಿ ಅಂತ ಎಂಜಿನ್ ಹತ್ತಿಸಿ ಹೀಟರ್ ಹಾಕ್ಕೊಂಡ್ರೆ? ರಾತ್ರಿಯೆಲ್ಲ ಕಾದಿದ್ದು ನೀರಲ್ಲಿ ಹೋಮ.”

“ನನ್ನ ಮೇಲೆ ನಂಬಿಕೆ ಇಲ್ವಾ?”

“ನಿಮ್ಮ ಮೇಲಿದೆ. ನಿಮ್ಮ ಚಳಿ ಮೇಲಿಲ್ಲ.”

ಇದ್ದದ್ದು ಒಂದೇ ಕೀ. ಅದು ಅಕ್ಕನ ಕೋಟಿನ ಜೇಬಿಗೆ ಬಂತು.

ಈಗ ಬಾವಿ.

ಅವಳ ಕೈಯೆಲ್ಲ ಗ್ರೀಸು. ಗ್ಯಾರೇಜಿನ ನಲ್ಲಿ ನೀರು ಚರ್ಮ ಸುಲಿಯುವಷ್ಟು ತಣ್ಣಗಿದ್ದದ್ದರಿಂದ ತೊಳೆಯದೆ ಹೊರಟಿದ್ದಳು. ಬಾವಿ ನೀರಾದರೆ ವಾಸಿ ಅನ್ನಿಸಿತು. ಬಕೆಟ್ ಇಳಿಸಿದಳು. ರಾಟೆ ಕಿರಕಿರ ಅಂದಿತು. ಕೆಳಗೆ... ‘ದಬಕ್’. ಎಳೆದು ಕಟ್ಟೆಯ ಮೇಲಿಟ್ಟಳು. ಎಡಗೈ ಅದ್ದಿದಳು.

ಬೆಚ್ಚಗಿತ್ತು.

ಆಳದ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಇಷ್ಟೊಂದಾ? ಬೆರಳು ಮರಗಟ್ಟಿದೆ, ಕೈ ಸುಳ್ಳು ಹೇಳುತ್ತಿದೆ ಅಂದುಕೊಂಡಳು. ಬಲಗೈ ಅದ್ದಿದಳು. ಅದೂ ಬೆಚ್ಚಗೆ ಅಂತಲೇ ಹೇಳಿತು.

ಎರಡು ಕೈ, ಒಂದೇ ಮಾತು.

ನಗು ಬಂತಂತೆ ಅವಳಿಗೆ. ಎರಡೂ ಕೈ ಸೇರಿ ಸುಳ್ಳು ಹೇಳುತ್ತವಾ... ಅಂತ.

ಅಲ್ಲಿಗೆ ನಗು ನಿಂತಿತು.

ಹಳೆಯ ಸೆನ್ಸರು ಬಿಸಿ ಅಂದಿತ್ತು. ಹೊಸ ಸೆನ್ಸರು ಬಿಸಿ ಅಂದಿತ್ತು. ಎರಡೂ ಸುಳ್ಳು ಹೇಳಿರದಿದ್ದರೆ? ಅಷ್ಟು ಬೆಳಿಗ್ಗೆಗಳಲ್ಲಿ, ಕೀ ತಿರುಗಿಸುವ ಮೊದಲು, ಒಂದು ಸಲ... ಒಂದೇ ಒಂದು ಸಲ... ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈ ಇಟ್ಟು ನೋಡಿದ್ದಾಳಾ ಅವಳು? ಇಲ್ಲ. ಪದ್ಧತಿ ಬೇಡ ಅನ್ನುತ್ತಿತ್ತು.

ಎಂಜಿನ್ ನಿಜವಾಗಿಯೂ ಬಿಸಿಯಾಗಿದ್ದರೆ, ರಾತ್ರಿಯೆಲ್ಲ ಅದು ಓಡುತ್ತಿದೆ. ಗಾಡಿ ಬೀದಿಯಲ್ಲಿದ್ದಾಗ ಇಲ್ಲದ್ದು ಶೆಡ್ಡಿನ ಒಳಗೆ ಬಂದ ಮೇಲೆ ಶುರುವಾಗಿದೆ. ಅಂದರೆ ಚಳಿಗಲ್ಲ... ಮುಚ್ಚಿದ ಜಾಗಕ್ಕೆ.

ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿದರೆ ಏನಾಗುತ್ತದೆ ಅಂತ ಗ್ಯಾರೇಜಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆಯಲ್ಲಿರುವ ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಬೆಚ್ಚಗನ್ನಿಸುತ್ತದೆ. ಆಮೇಲೆ ನಿದ್ದೆ ಬರುತ್ತದೆ.

ನಿದ್ದೆ ಬರುತ್ತಂತೆ, ಅಂದಿದ್ದರಲ್ಲ ಮೇಷ್ಟ್ರು.

ಅಕ್ಕ ಒದ್ದೆ ಕೈಯಲ್ಲೇ ಫೋನ್ ತೆಗೆದು ಒತ್ತಿದಳು. ರಿಂಗಾಯಿತು... ರಿಂಗಾಯಿತು... ಎತ್ತಿದರು.

“ರೀ?”

ಉಸಿರು. ಮೂಗಿನಿಂದ ಬಿಡುವ, ಗಾಢ ನಿದ್ದೆಯ, ಉದ್ದ ಉಸಿರು. ಅದರ ಹಿಂದೆ ಇನ್ನೊಂದು, ಸ್ವಲ್ಪ ಬೇಗ ಬೇಗ. ಅದರ ಜೊತೆಗೆ ಇನ್ನೂ ಒಂದು... ತೀರಾ ಸಣ್ಣದು, ನೆಗಡಿಯಾಗಿ ಕಟ್ಟಿದ ಮೂಗಿನದು. ಸೊಯ್... ಸೊಯ್...

“ರೀ! ಕೇಳಿಸ್ತಿದೆಯಾ?”

“ಮೆಲ್ಲಗೆ ಮಾತಾಡೇ...” ಭಾವನ ಧ್ವನಿಯೇ. ಪಿಸುಮಾತು. “ಮಲಗಿದಾರೆ.”

“ಯಾರು?”

“ಮಕ್ಕಳು.”

ಫೋನ್ ಕಟ್ಟಾಯಿತು.

ಅಕ್ಕ ಭಾವನಿಗೆ ಮಕ್ಕಳಿಲ್ಲ. ಇದನ್ನು ನಾನು ಮೊದಲೇ ಹೇಳಬಹುದಿತ್ತು, ಹೇಳಲು ಮನಸ್ಸಾಗಲಿಲ್ಲ. ನೆಂಟರೆಲ್ಲ ಸೇರಿದ ಕಡೆ ಆ ಮಾತು ಯಾರೂ ಆಡುವುದಿಲ್ಲ. ಒಮ್ಮೆ ಆಡಿದವರ ಮನೆಗೆ ಅಕ್ಕ ಮತ್ತೆ ಹೋಗಿಲ್ಲ.

ಅವಳು ಓಡಿದಳು. ನಲವತ್ತು ದಾಟಿದ ಹೆಂಗಸು, ದಪ್ಪ ಕೋಟು, ಮೊಣಕಾಲು ನೋವು. ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಜೇಬಿನಲ್ಲಿ ಕೀ ತೊಡೆಗೆ ಬಡಿಯುತ್ತಲೇ ಇತ್ತು. ಕೀ ಇಲ್ಲಿದೆ, ಕೀ ನನ್ನ ಹತ್ತಿರ ಇದೆ, ಎಂಜಿನ್ ಓಡೋಕೆ ಆಗಲ್ಲ, ಆಗಲ್ಲ... ಅಂತ ಒಂದೊಂದು ಹೆಜ್ಜೆಗೂ ಹೇಳಿಕೊಳ್ಳುತ್ತ ಓಡಿದಳು.

ಗ್ಯಾರೇಜಿನ ಮುಂದೆ ನಿಂತಳು. ಉಸಿರು ಹಿಡಿದಳು. ಕೇಳಿಸಿಕೊಂಡಳು.

ಓಡುತ್ತಿತ್ತು.

ಮೆಲ್ಲಗೆ, ಒಂದೇ ಸಮನೆ... ಗುರ್‍ರ್‍ರ್... ಅದರ ಮೇಲೆ ‘ಟಿಕ್ ಟಿಕ್ ಟಿಕ್’, ವಾಲ್ವುಗಳ ಸದ್ದು. ಅದರ ಮೇಲೆ ‘ಸ್‌ಸ್‌ಸ್’ ಅಂತ ಹೀಟರಿನ ಗಾಳಿ. ಬಹಳ ಹೊತ್ತಿನಿಂದ ಓಡುತ್ತಿರುವ, ಚೆನ್ನಾಗಿ ಕಾದ, ಯಾವ ರೋಗವೂ ಇಲ್ಲದ ಎಂಜಿನ್ನಿನ ಸದ್ದು. ದಿನವೂ ಕೇಳುವ ಸದ್ದೇ. ಅವಳು ಜೇಬಿಗೆ ಕೈ ಹಾಕಿ ಕೀ ಮುಟ್ಟಿ ನೋಡಿಕೊಂಡಳು, ಅಲ್ಲೇ ಇತ್ತು.

ಶಟರಿಗೆ ಬೀಗ ಇರಲಿಲ್ಲ, ಬರೀ ಎಳೆದಿತ್ತು. ತಾನೇ ಒತ್ತಿದ್ದ ಬಟ್ಟೆಯನ್ನು ಕಿತ್ತೆಸೆದು, ಸಂದಿಯೊಳಗೆ ಎರಡೂ ಕೈಯ ಬೆರಳು ತೂರಿಸಿ ಎತ್ತಿದಳು. ಗೇಣಗಲ ಎದ್ದಿತು.

ಎದ್ದು ನಿಂತುಬಿಟ್ಟಿತು.

ಒಳಗಿನಿಂದ ಅವಳ ಬೆರಳುಗಳ ಮೇಲೆ ಒಂದು ಕೈ ಬಂದು ಕೂತಿತು.

ಬೆಚ್ಚಗಿನ ಕೈ. ಮೆತ್ತಗಿನ ಕೈ. ಹೊಡೆಯಲಿಲ್ಲ, ಚುಚ್ಚಲಿಲ್ಲ. ಬಿಸಿ ಪಾತ್ರೆ ಮುಟ್ಟಲು ಹೋಗುವ ಮಗುವಿನ ಕೈಯನ್ನು ತಾಯಿ ಹೇಗೆ ಕೆಳಗೆ ಒತ್ತುತ್ತಾಳೋ ಹಾಗೆ... ಬೇಡ ಅನ್ನುವ ಹಾಗೆ... ಅವಳ ಬೆರಳುಗಳ ಜೊತೆಗೆ ಶಟರನ್ನೂ ಕೆಳಕ್ಕೆ ಒತ್ತತೊಡಗಿತು.

“ರೀ,” ಅಂದಳು ಅಕ್ಕ. ಜೀವ ಬಂದ ಹಾಗಾಗಿತ್ತು ಅವಳಿಗೆ, ಅವರೇ ಎದ್ದು ಬಂದಿದ್ದಾರೆ ಅಂದುಕೊಂಡಿದ್ದಳು. “ಒತ್ತಬೇಡಿ. ಎತ್ತಿ.”

ಉತ್ತರ ಬಂತು. ದೂರದಿಂದ ಬಂತು. ಗ್ಯಾರೇಜಿನ ಆ ಕೊನೆಯಿಂದ, ಗಾಜಿನ ಹಿಂದಿನಿಂದ, ಕಾರಿನ ಒಳಗಿನಿಂದ.

“ಯಾರೇ ಅದು... ಬಾಗಿಲು ತೆಗೀಬೇಡ... ಚಳಿ ಬರುತ್ತೆ...”

ಭಾವ ಅಲ್ಲಿದ್ದರು. ಕೈ ಇಲ್ಲಿತ್ತು.

ಅಕ್ಕ ಕಿರುಚಲಿಲ್ಲ. ಕಿರುಚಿದರೆ ಮಕ್ಕಳು ಏಳುತ್ತವೆ ಅಂತ ಅನ್ನಿಸಿತಂತೆ! ಇದನ್ನು ಹೇಳುವಾಗ ಅವಳಿಗೇ ನಾಚಿಕೆ. ಆ ಕೈಯ ಬಿಸಿಗೆ ಅವಳ ಕೈಯ ಚಳಿ ಕರಗುತ್ತಿತ್ತು. ಇನ್ನೊಂದು ಗಳಿಗೆ ಹಾಗೇ ಕೂತಿದ್ದರೆ ಅಲ್ಲೇ, ಶಟರಿಗೆ ಒರಗಿ, ಕಣ್ಣು ಮುಚ್ಚುತ್ತಿದ್ದಳು. ಸಂದಿಯಿಂದ ಬರುತ್ತಿದ್ದ ಗಾಳಿ ಅಷ್ಟು ಹಿತವಾಗಿತ್ತು.

ಬೆರಳು ಕಿತ್ತುಕೊಂಡಳು. ಶಟರ್ ‘ಧಡ್’ ಅಂತ ನೆಲ ಮುಟ್ಟಿತು.

ಪಕ್ಕದಲ್ಲಿ ಒಂದು ಚಕ್ರ ಬಿಚ್ಚಿದ ವ್ಯಾನು ನಿಂತಿತ್ತು. ಸಾಮಾನು ಎತ್ತಿಡುವ ಅಭ್ಯಾಸವೇ ಇಲ್ಲದ ನಮ್ಮ ಭಾವ, ಗಾಡಿ ಎತ್ತುವ ಗಾಲಿಯ ಜಾಕನ್ನು ಅದರ ಕೆಳಗೆ ಹಾಗೇ ಬಿಟ್ಟಿದ್ದರು. ವ್ಯಾನು ಕಲ್ಲುಗಳ ಮೇಲೆ ಕೂತಿತ್ತು, ಜಾಕ್ ಬಿಡುವಾಗಿತ್ತು. ಅಕ್ಕ ಅದನ್ನು ಗಡಗಡ ಎಳೆದು ತಂದಳು. ಶಟರಿನ ಕೆಳಗೆ, ನೆಲ ಒಂದಿಷ್ಟು ಒಡೆದು ಗುಂಡಿಯಾಗಿದ್ದ ಕಡೆ, ಅದರ ಮೂತಿ ತೂರಿಸಿದಳು. ಹಿಡಿ ಒತ್ತಿದಳು.

ಕಿರ್‍ರ್... ಟಕ್.

ಶಟರ್ ನರಳಿತು. ಒಂದು ಬೆರಳಷ್ಟು ಎದ್ದಿತು.

ಕಿರ್‍ರ್... ಟಕ್. ಕಿರ್‍ರ್... ಟಕ್.

ಒಳಗಿನಿಂದ ಒತ್ತುತ್ತಿದ್ದದ್ದು ಯಾವುದೋ, ಎಷ್ಟು ಜನವೋ ಗೊತ್ತಿಲ್ಲ. ತಗಡು ಬಿಲ್ಲಿನ ಹಾಗೆ ಬಾಗಿತು. ಆದರೆ ಲಾರಿ ಎತ್ತುವ ಜಾಕದು. ಕಣ್ಣಿಗೆ ಕಾಣದವರು ಬಂದಿದ್ದಾರೆ ಅಂತ ಅದೇನು ಮರ್ಯಾದೆ ಕೊಡುತ್ತದಾ? ಎತ್ತಿತು. ಮೊಣಕಾಲಿನ ಎತ್ತರ ಆದ ಕೂಡಲೇ ಅಕ್ಕ ಎದೆ ತುಂಬ ಹೊರಗಿನ ಗಾಳಿ ಎಳೆದುಕೊಂಡು, ಬಾಯಿ ಮುಚ್ಚಿ, ನೆಲಕ್ಕೆ ಮುಖ ಹಚ್ಚಿ, ತೆವಳಿ ಒಳಗೆ ನುಗ್ಗಿದಳು.

ಕತ್ತಲು. ಆ ಕತ್ತಲಲ್ಲಿ ಒಂದೇ ಬೆಳಕು... ಕಾರಿನ ಒಳಗೆ, ಮಂಜು ಹಿಡಿದ ಗಾಜಿನ ಹಿಂದೆ, ಹಳದಿ ದೀಪ. ಮಡಚುವ ಮಂಚ ಖಾಲಿ. ಹೊದಿಕೆ ನೀಟಾಗಿ ಮಡಿಚಿಟ್ಟಿತ್ತು. ಭಾವ ಹುಟ್ಟಿದಾಗಿನಿಂದ ಹೊದಿಕೆ ಮಡಿಚಿದವರಲ್ಲ.

ಹಿಂದಿನ ಬಾಗಿಲು ಎಳೆದಳು. ಬೆಚ್ಚನೆಯ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಭಾವ ಹಿಂದಿನ ಸೀಟಿನ ನಡುವೆ ಕೂತಿದ್ದರು. ತಲೆ ಹಿಂದಕ್ಕೆ ಒರಗಿತ್ತು. ಕೆನ್ನೆ ಗುಲಾಬಿ ಕೆಂಪು, ತುಟಿಯಲ್ಲಿ ನಗು. ಎರಡೂ ತೋಳು ಎರಡು ಕಡೆಗೆ ಚಾಚಿ, ಮೊಣಕೈ ಮಡಿಚಿ, ಯಾರನ್ನೋ ಒಳಕ್ಕೆ ಒತ್ತಿಕೊಂಡ ಹಾಗೆ...

ಎರಡೂ ಕಡೆ ಯಾರೂ ಇರಲಿಲ್ಲ.

ಕಂಕುಳಲ್ಲಿ ಕೈ ಹಾಕಿ ಎಳೆದಳು. ತೋಳು ಸಡಿಲವಾಗಲಿಲ್ಲ.

“ಮೆಲ್ಲಗೆ...” ಅಂದರು ಭಾವ, ಕಣ್ಣು ಬಿಡದೆ. “ಏಳ್ತಾರೆ...”

ಅಕ್ಕ ಮಾತಾಡಲಿಲ್ಲ. ಮಾತಾಡಿದರೆ ಉಸಿರು ಹೋಗುತ್ತದೆ. ಎಳೆದಳು. ನೆಲದ ಮೇಲೆ ಬಿದ್ದರು ಇಬ್ಬರೂ. ಮತ್ತೆ ಎಳೆದಳು. ಕಾಲರ್ ಹಿಡಿದು, ಕೈ ಹಿಡಿದು, ಮೂಟೆ ಎಳೆದ ಹಾಗೆ ಎಳೆಯುತ್ತ ಶಟರಿನ ಸಂದಿಗೆ ಬಂದಳು. ಅರ್ಧ ಮೈ ಹೊರಗಾದಾಗ ಹಿಂದೆ ಸದ್ದಾಯಿತು.

ಕಾರಿನ ಬಾಗಿಲು. ಅವಳು ತೆರೆದು ಬಿಟ್ಟು ಬಂದ ಬಾಗಿಲು.

‘ಧಡಾರ್’ ಅಂತ ಅಲ್ಲ. ಮಕ್ಕಳು ಮಲಗಿರುವ ಗಾಡಿಯ ಬಾಗಿಲನ್ನು ಹೇಗೆ ಹಾಕುತ್ತಾರೆ... ಮೊದಲು ಮೆಲ್ಲಗೆ ಹತ್ತಿರ ತಂದು, ಒಂದು ಗಳಿಗೆ ಹಿಡಿದು, ಆಮೇಲೆ ಅಂಗೈಯಿಂದ ಒತ್ತಿ... ‘ಮ್‌ಟಪ್’.

ಅವಳು ಹಿಂದೆ ತಿರುಗಿ ನೋಡಲಿಲ್ಲ.

ಹೊರಗೆ ಬಂ‌ದ ಮೇಲೆ ಕಿರುಚಿದಳು. ಎದುರು ಬೇಕರಿಯವನು, ರಾತ್ರಿಯೆಲ್ಲ ಒಲೆಯ ಮುಂದೆ ಎದ್ದಿರುವವನು, ಹಿಟ್ಟಿನ ಕೈಯಲ್ಲೇ ಓಡಿ ಬಂದ. ತನ್ನ ಬ್ರೆಡ್ಡಿನ ವ್ಯಾನಿನಲ್ಲಿ ಭಾವನನ್ನು ಮಲಗಿಸಿದ. ವ್ಯಾನು ಹೊರಡುವ ಮೊದಲು ಅವನು ಶಟರ್ ಪೂರ್ತಿ ಎತ್ತಿ ಟಾರ್ಚ್ ಬಿಟ್ಟು ನೋಡಿದ.

“ಎಂಜಿನ್ ಆಫ್ ಮಾಡಿ,” ಅಂದಳು ಅಕ್ಕ.

“ಆಫಾಗೇ ಇದೆಯಲ್ಲಕ್ಕಾ.”

“ಓಡ್ತಿದೆ... ಕೇಳಿಸ್ತಿಲ್ವಾ?”

“ಇಲ್ಲಕ್ಕಾ. ಆವಾಗಿಂದ್ಲೂ ನಂಗೆ ಏನೂ ಕೇಳಿಸಿಲ್ಲ. ಜಾಕ್ ಸದ್ದು ಬಿಟ್ರೆ.” ಹೀಗಂದವನು ಬಾನೆಟ್ ಮೇಲೆ ಕೈ ಇಟ್ಟ. ಇಟ್ಟವನು ಕಾದ ಟ್ರೇ ಮುಟ್ಟಿದವನ ಹಾಗೆ ಎಳೆದುಕೊಂಡ. ಆಮೇಲೆ ಅವನು ಆ ವಿಷಯ ಮಾತಾಡಲೇ ಇಲ್ಲ. ಈಗಲೂ ಕೇಳಿದರೆ, “ಬ್ರೆಡ್ ಎಷ್ಟು ಬೇಕಕ್ಕಾ?” ಅನ್ನುತ್ತಾನೆ.

ಭಾವ ಬದುಕಿದರು. ರಕ್ತದಲ್ಲೆಲ್ಲ ಹೊಗೆಯ ವಿಷ ಸೇರಿತ್ತು, ಇನ್ನು ಸ್ವಲ್ಪ ಹೊತ್ತಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಅಂದರು ಡಾಕ್ಟರು. “ಮುಚ್ಚಿದ ಶೆಡ್ಡಲ್ಲಿ ಯಾರಾದ್ರೂ ಎಂಜಿನ್ ಓಡಿಸ್ತಾರೇನ್ರೀ? ನೀವೇ ಗ್ಯಾರೇಜಿನವರಾಗಿ?” ಅಂತ ಬೈದರು. ಅಕ್ಕ ಬೈಸಿಕೊಂಡಳು. ಜೇಬಿನಲ್ಲಿ ಕೀ ಹಾಗೇ ಇತ್ತು. ತೆಗೆದು ತೋರಿಸಿ ಏನಂತ ಹೇಳುವುದು?

ಎಚ್ಚರ ಬಂದ ಮೇಲೆ ಒಂದೇ ಒಂದು ಸಲ ಅವಳು ಕೇಳಿದಳು.

“ಕಾರೊಳಗೆ ಯಾಕೆ ಹೋದ್ರಿ?”

“ಕರೆದ್ರಲ್ಲ.”

“ಯಾರು?”

“ಮುಂದೆ ಕೂತಿದ್ರಲ್ಲ... ಅವರು. ಚಳೀಲಿ ಯಾಕೆ ಮಲಗಿದೀರಿ, ಬನ್ನಿ, ಹಿಂದೆ ಜಾಗ ಇದೆ, ಮಕ್ಕಳನ್ನ ಸ್ವಲ್ಪ ಸರಿಸಿ ಕೂತ್ಕೊಳ್ಳಿ ಅಂದ್ರು.” ಭಾವ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. “ಒಳ್ಳೇ ಜನ ಕಣೇ.”

ಅಕ್ಕ ಎದ್ದು ಹೋಗಿ ಆಸ್ಪತ್ರೆಯ ಕಿಟಕಿ ತೆರೆದಳು.

ಆ ಕಾರಿನ ಹಿಂದಿನ ಕತೆ ಏನು ಅಂತ ನನ್ನನ್ನು ಕೇಳಬೇಡಿ. ನಮಗೂ ಗೊತ್ತಿಲ್ಲ. ಮೇಷ್ಟ್ರಿಗೆ ಅದನ್ನು ಮಾರಿದವನಿಗೆ ಅವನಿಗಿಂತ ಹಿಂದಿನವರು ಯಾರು ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಸೇರಿಸಿ ಹೇಳಿದರೆ ಅದು ಕತೆಯಾಗುತ್ತದೆ, ಇದು ಕತೆ ಅಲ್ಲ. ಮೇಷ್ಟ್ರು ಗಾಡಿಯನ್ನು ಹಗಲಿನಲ್ಲಿ ಎಳೆಸಿಕೊಂಡು ಹೋಗಿ ಒಂದು ಬಯಲಲ್ಲಿ ನಿಲ್ಲಿಸಿದರು. ಅಲ್ಲೇ ಬಿಸಿಲು ಗಾಳಿಗೆ ನಿಂತಿದೆ, ದೀಪ ಹತ್ತುವುದಿಲ್ಲ. ಯಾರೂ ಕೊಳ್ಳುವುದೂ ಇಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಆ ಅನುಕೂಲ ಇಲ್ಲ, ಯಾಕೆಂದರೆ ಆಸ್ಪತ್ರೆಯಲ್ಲಿ ಭಾವನ ಮೈಮೇಲಿಂದ ತೆಗೆದ ಬಟ್ಟೆಯನ್ನು ಒಗೆಯಲು ಮನೆಗೆ ತಂದವಳು ನಾನು. ಶರಟಿನ ಬೆನ್ನಿಗೆ ನೆಲದ ಮಣ್ಣು, ಎದೆಗೆ ಗ್ರೀಸು. ಎರಡು ಹೆಗಲ ಹತ್ತಿರ ಮಾತ್ರ ಒದ್ದೆ. ಆಗಲೇ ಒಂದು ದಿನ ಕಳೆದಿತ್ತು, ಆದರೂ ಒದ್ದೆ. ಎರಡು ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಬೆಳೆಸಿದವಳು ನಾನು, ಬಾಯಿ ತೆರೆದು ಮಲಗಿದ ಮಗುವಿನ ಜೊಲ್ಲಿನ ಕಲೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಎಡಗಡೆಯದ್ದು ಹೆಗಲ ಮೂಳೆಯ ಹತ್ತಿರ ಇತ್ತು. ಬಲಗಡೆಯದ್ದು ಸ್ವಲ್ಪ ಕೆಳಗೆ, ತೋಳಿನ ಹತ್ತಿರ. ಆ ಮಗು ಇನ್ನೂ ಚಿಕ್ಕದಿರಬೇಕು.